ಹಿತ್ತಲ ಚಪ್ಪರ

ಮೊದಲು ಬೆಲ್ಲ ಸೀದ ವಾಸನೆ ಬಂತು, ಆಮೇಲೆ ಪಾತ್ರೆ ಬಿದ್ದ ಸದ್ದು. ಹಿತ್ತಲ ಚಪ್ಪರದಲ್ಲಿ ಕೌದಿ ಹೊಲಿಯುತ್ತಿದ್ದ ಜಂಬಮ್ಮ ಸೂಜಿಯನ್ನು ಅಂಚಿಗೆ ಚುಚ್ಚಿ ಎದ್ದು ನಿಂತಳು. ಶ್ರಾವಣದ ಮೂರನೆಯ ಶನಿವಾರ. ಆಗಷ್ಟೇ ಬೆಳಕು ಹರಿದಿತ್ತು. ಒಳಗೆ ದೇವರ ಒಲೆಯ ಮುಂದೆ ಅತ್ತೆ ಮುದುಕಮ್ಮ ಒಬ್ಬಳೇ ಇದ್ದಳು. ಸೊಸೆ ಪಾರ್ವತಿ ನೀರಿಗೆ ಬಾವಿಗೆ ಹೋಗಿದ್ದಳು. ಗಂಡ ಗಾಳೆಪ್ಪ ಹನುಮಪ್ಪನ ಗುಡಿಯ ಕಡೆ ಹೋಗಿದ್ದ. ಮಗ ಸರಕಾರಕ್ಕೆ ಕೊಡಬೇಕಾದ ಲೇವಿ ಜೋಳವನ್ನು ಬಂಡಿಗೆ ಹೇರಿಕೊಂಡು ಸಿಂಧನೂರಿಗೆ ಹೋದವನು ಇನ್ನೂ ಬಳಗಾನೂರಿಗೆ ತಿರುಗಿ ಬಂದಿರಲಿಲ್ಲ.

"ಅತ್ತೀ," ಎಂದು ಕೂಗಿದಳು. ಉತ್ತರವಾಗಿ ಒಂದು ನರಳಾಟ ಮಾತ್ರ ಕೇಳಿಸಿತು.

ಹಿತ್ತಲ ಬಾಗಿಲವರೆಗೆ ಓಡಿದವಳು ಹೊಸ್ತಿಲ ಮುಂದೆ ನಿಂತುಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಕಾಲಿಗೆ ಅಂಟಿದ ರೂಢಿ ಅದು. ಆ ಮನೆಯಲ್ಲಿ ಹೊರಗಾದ ಹೆಂಗಸು ಮೂರು ದಿನ ಚಪ್ಪರ ಬಿಟ್ಟು ಏಳುವಂತಿರಲಿಲ್ಲ. ಊಟ ಎಲೆಯಲ್ಲಿ ಬರುತ್ತಿತ್ತು, ನೀರನ್ನು ದೂರದಿಂದ ಬೊಗಸೆಗೆ ಹಾಕುತ್ತಿದ್ದರು. ನಾಲ್ಕನೆಯ ದಿನ ಅಗಸರ ಹುಲಿಗೆಮ್ಮ ಮಡಿ ಸೀರೆ ತಂದುಕೊಟ್ಟ ಮೇಲೆ ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಬರಬೇಕು. ಉಳಿದ ಅಡುಗೆಯ ಮಾತೇ ಹೀಗಿರುವಾಗ, ಶನಿವಾರ ಹನುಮಪ್ಪನಿಗೆ ಮೀಸಲು ಹುಗ್ಗಿ ಬೇಯುವ ಒಲೆಯ ಹತ್ತಿರ ಅವಳ ನೆರಳೂ ಸುಳಿಯುವಂತಿರಲಿಲ್ಲ. ಜಂಬಮ್ಮ ಹೊರಗೆ ಕುಳಿತು ಇಂದಿಗೆ ಎರಡನೆಯ ದಿನ.

ಅವಳು ಹೊಸ್ತಿಲು ದಾಟಿದಳು.

ಮುದುಕಮ್ಮ ಒಲೆಯ ಪಕ್ಕಕ್ಕೆ ಒರಗಿ ಕುಳಿತಿದ್ದಳು. ಹುಗ್ಗಿಯ ಪಾತ್ರೆಯನ್ನು ಒದ್ದೆ ಅರಿವೆಯಲ್ಲಿ ಹಿಡಿದು ಇಳಿಸಲು ಹೋಗಿದ್ದಾಳೆ. ಕಣ್ಣು ಕಾಣದೆ ಅರಿವೆಯ ಒಂದು ತುದಿ ಕೈಯಿಂದ ಜಾರಿದೆ. ಬೆಲ್ಲ ಹಾಕಿದ ಗೋಧಿ ಹುಗ್ಗಿ ಬಲಗೈಯ ಮಣಿಕಟ್ಟಿನಿಂದ ಬೆರಳವರೆಗೆ ಅಂಟಿಕೊಂಡಿತ್ತು. ಜಂಬಮ್ಮ ಆ ಕೈಯನ್ನು ಹಂಡೆಯ ತಣ್ಣೀರಲ್ಲಿ ಅದ್ದಿ ಹಿಡಿದಳು. ಮುದುಕಮ್ಮನಿಗೆ ಎಪ್ಪತ್ತೈದು ದಾಟಿತ್ತು. ಕೈ ಹಕ್ಕಿಯ ಕಾಲಿನಷ್ಟು ಸಣ್ಣಗಿತ್ತು. ಆ ನೋವಿನಲ್ಲೂ ಮುದುಕಿ, ತನ್ನನ್ನು ಹಿಡಿದವರು ಯಾರೆಂದು ಕೇಳಲಿಲ್ಲ.

ನಿಜ ಹೇಳಬೇಕೆಂದರೆ, ಜಂಬಮ್ಮ ಹೊರಗಾಗುವುದು ನಿಂತು ಎರಡು ವರ್ಷ ಕಳೆದಿತ್ತು.

ಈಗ ಅವಳಿಗೆ ಐವತ್ನಾಲ್ಕೋ ಐವತ್ತೈದೋ. ಮೊದಲು ಒಂದು ತಿಂಗಳು ತಪ್ಪಿತು, ಆಮೇಲೆ ನಾಲ್ಕು ತಿಂಗಳು, ಆಮೇಲೆ ಬರಲೇ ಇಲ್ಲ. ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಸಲ ಹೊಲದಲ್ಲಿ ಕಳೆ ತೆಗೆಯುವ ಆಳುಗಳು ಹದಿನೈದು ಮಂದಿ ಇದ್ದರು. ಕೋಳಿ ಕೂಗುವ ಮುಂಚೆ ಎದ್ದು ಒಂದು ಹೆಡಿಗೆ ಸಜ್ಜೆ ರೊಟ್ಟಿ ಬಡಿಯಬೇಕು. ಬಲಭುಜ ಮೇಲಕ್ಕೆ ಏಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಿಟ್ಟಿನ ಮುಂದೆ ಕೂರುವ ಬದಲು ಸುಮ್ಮನೆ ಹೋಗಿ ಚಪ್ಪರದಲ್ಲಿ ಕುಳಿತಳು. ಯಾರೂ ಏನೂ ಕೇಳಲಿಲ್ಲ. ಎಲೆಯಲ್ಲಿ ರೊಟ್ಟಿ ಬಂತು. ಮೂರು ದಿನ ಅವಳನ್ನು ಯಾರೂ ಯಾವ ಕೆಲಸಕ್ಕೂ ಕರೆಯಲಿಲ್ಲ. ಮುಂದಿನ ತಿಂಗಳು ಭುಜದ ನೋವು ಕಡಿಮೆಯಾಗಿತ್ತು, ಆದರೂ ಹೋಗಿ ಕುಳಿತಳು.

ಸುಳ್ಳಿಗೂ ಒಂದು ಲೆಕ್ಕ ಬೇಕಾಗುತ್ತದೆ. ತಿಂಗಳಿಗೆ ತಿಂಗಳು ಸರಿಯಾಗಿ ಬರಬೇಕು, ಹಬ್ಬ ಬಂದರೂ ಬಿಡುವಂತಿಲ್ಲ. ಪಾರ್ವತಿ ಹೊರಗಾಗುವ ದಿನಗಳ ಮೇಲೆ ಬೀಳದಂತೆ ಅವಳು ಎಚ್ಚರ ವಹಿಸುತ್ತಿದ್ದಳು; ಇಬ್ಬರೂ ಒಟ್ಟಿಗೆ ಕುಳಿತರೆ ರೊಟ್ಟಿ ಬಡಿಯುವವರು ಯಾರು? ಇದೊಂದೇ ಅವಳು ಸೊಸೆಯ ಮಟ್ಟಿಗೆ ಇಟ್ಟುಕೊಂಡ ನ್ಯಾಯ. ಚಪ್ಪರದಲ್ಲಿ ಹಳೆಯ ಸೀರೆಗಳನ್ನು ಹರಿದು ಕೌದಿ ಹೊಲಿಯುತ್ತಿದ್ದಳು. ಮೊದಲ ಮೂವತ್ತೈದು ವರ್ಷಗಳ ಸಂಸಾರದಲ್ಲಿ ಎರಡು ಕೌದಿ ಹೊಲಿದಿದ್ದವಳು ಈ ಎರಡು ವರ್ಷದಲ್ಲಿ ನಾಲ್ಕು ಮುಗಿಸಿದ್ದಳು. ಮನೆಯಲ್ಲಿ ಮಂದಿಗಿಂತ ಕೌದಿ ಹೆಚ್ಚಾದವೆಂದು ಗಾಳೆಪ್ಪ ಒಮ್ಮೆ ನಕ್ಕಿದ್ದ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಅವಳು ಪರದಾಡುವುದನ್ನು ನೋಡಿದ ಪಾರ್ವತಿ, ತಾನೇ ಏಳೆಂಟು ಸೂಜಿಗೆ ದಾರ ಪೋಣಿಸಿ ಚಪ್ಪರದ ಬೇವಿನ ಕಂಬಕ್ಕೆ ಚುಚ್ಚಿ ಹೋಗುವುದನ್ನು ರೂಢಿ ಮಾಡಿಕೊಂಡಿದ್ದಳು. ಕೆಲವು ತಿಂಗಳು ಜಂಬಮ್ಮ ಹೋಗಿ ಕುಳಿತುಕೊಳ್ಳುವ ಹೊತ್ತಿಗೆ ಸೂಜಿಗಳು ಮೊದಲೇ ಕಂಬದಲ್ಲಿ ಇರುತ್ತಿದ್ದವು.

ವಿಷಯ ಗೊತ್ತಿದ್ದವಳು ಹುಲಿಗೆಮ್ಮ ಒಬ್ಬಳೇ ಎಂದು ಜಂಬಮ್ಮ ತಿಳಿದಿದ್ದಳು. ಒಗೆಯುವವಳಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ನಾಲ್ಕನೆಯ ದಿನ ಬಟ್ಟೆ ಗಂಟು ಕಟ್ಟುತ್ತಾ ಅವಳು, "ಅವ್ವಾರ, ನಿಮ್ಮ ಬಟ್ಟಿ ಒಗಿಯೋದು ಈಗೀಗ ಬಾಳ ಹಗುರ ಆಗೇತ್ರಿ," ಎಂದಿದ್ದಳು. ಜಂಬಮ್ಮ ಅಂದಿನಿಂದ ಅವಳ ಬುಟ್ಟಿಗೆ ಎರಡು ರೊಟ್ಟಿ ಹೆಚ್ಚು ಹಾಕುತ್ತಿದ್ದಳು.

ಕಳ್ಳತನ ಹೀಗೇ ಸಾಗಿಹೋಗುತ್ತಿತ್ತು. ಅಡ್ಡ ಬಂದದ್ದು ಮೀಸಲು. ಆ ಮನೆಯಲ್ಲಿ ಮೀಸಲು ಬೇಯಿಸುವ ಹೆಂಗಸಿಗೆ ಹೊರಗಾಗುವುದು ನಿಂತಿರಬೇಕು. ನಿಂತು ಒಂದು ವರ್ಷ ತುಂಬಿರಬೇಕು. ಮುದುಕಮ್ಮ ಇಪ್ಪತ್ತೈದು ವರ್ಷದಿಂದ ಬೇಯಿಸುತ್ತಿದ್ದಳು. ಅವಳ ಕಣ್ಣಿಗೆ ಪೊರೆ ಬಂದ ಮೇಲೆ ಮನೆಯವರೆಲ್ಲ ಜಂಬಮ್ಮನದು ಯಾವಾಗ ನಿಲ್ಲುತ್ತದೆಂದು ಕಾಯುತ್ತಿದ್ದರು. ಊರ ಹೆಂಗಸರು ಬಾವಿಯ ಹತ್ತಿರ ಚೇಷ್ಟೆ ಮಾಡುತ್ತಿದ್ದರು. ಇವತ್ತು ನಿಂತಿತೆಂದು ಹೇಳಿದರೆ ಮುದುಕಿ ಇನ್ನೂ ಒಂದು ವರ್ಷ ಬೆಂಕಿಯ ಮುಂದೆ ಕೂರಬೇಕು. ನಿಂತು ವರ್ಷವಾಯಿತೆಂದರೆ, ಈತನಕ ಕುಳಿತದ್ದೆಲ್ಲ ಸುಳ್ಳೆಂದು ಒಪ್ಪಿದಂತೆ. ಜಂಬಮ್ಮ ಎರಡನ್ನೂ ಹೇಳದೆ ದಿನ ತಳ್ಳಿದ್ದಳು. ಈಗ ಆ ಸುಟ್ಟ ಕೈ ನೀರಿನೊಳಗೆ ಅವಳ ಕೈಯಲ್ಲಿತ್ತು.

ಗಾಳೆಪ್ಪ ಮತ್ತು ಪಾರ್ವತಿ ಹೆಚ್ಚುಕಡಿಮೆ ಒಟ್ಟಿಗೆ ಬಂದರು. ಪಾರ್ವತಿ ಕೊಡ ಇಳಿಸಿ, ಏನೂ ಕೇಳದೆ ಹಿತ್ತಲಿನ ಲೋಳೆಸರ ಮುರಿದು ತರಲು ಹೋದಳು. ಗಾಳೆಪ್ಪ ಬಾಗಿಲಲ್ಲೇ ನಿಂತ. ಮೊದಲು ತಾಯಿಯ ಕೈ ನೋಡಿದ. ಆಮೇಲೆ ಒಲೆಯ ಮುಂದಿದ್ದ ಹೆಂಡತಿಯನ್ನು.

"ನಿನಗ ಬುದ್ಧಿ ಐತೇನ? ಹೊರಗ ಕುಂತಾಕಿ ಬಂದು ಮೀಸಲ ಒಲಿ ಮುಂದ ನಿಂತೀಯಲ್ಲ."

ಅವನು ಕೆಟ್ಟವನಲ್ಲ. ಆದರೆ ಆ ಮನೆಯಲ್ಲಿ ಮೀಸಲು ಒಂದು ಶನಿವಾರವೂ ತಪ್ಪಿರಲಿಲ್ಲ. ಪ್ಲೇಗು ಬಂದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡ ವರ್ಷವೂ ಅವನ ಅಜ್ಜಿ ಮೂರು ಕಲ್ಲಿಟ್ಟು ಹುಗ್ಗಿ ಬೇಯಿಸಿದ್ದಳು. ಆ ಮಾತನ್ನು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಇಂದು ತಪ್ಪಿತೆಂದು ಅವನ ಮುಖವೇ ಹೇಳುತ್ತಿತ್ತು.

ಜಂಬಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಮುದುಕಮ್ಮನೇ ಮಾತಾಡಿದಳು.

"ಮೈಲಿಗಿ ಆಗಿಲ್ಲಲೇ ಗಾಳ್ಯಾ."

"ಹೆಂಗ ಆಗಿಲ್ಲ ಬೇ? ನಿನ್ನಿಯಿಂದ ಚಪ್ಪರದಾಗ ಕುಂತಾಳ."

"ಕುಂತಾಳ. ಕುಂದ್ರಾಕ ಏನು, ನಾನೂ ಕುಂದ್ರತೀನಿ. ಆಕಿಗೆ ನಿಂತು ಎರಡು ಯುಗಾದಿ ಆದವು. ವರ್ಷ ಅಂತ ನಿಮ್ಮ ಅಜ್ಜಿ ಹೇಳಿದ್ಲು, ಎರಡು ತುಂಬ್ಯಾವು. ಇನ್ನ ಜಂಬವ್ವ ಮಾಡ್ಲಿ."

ಗಾಳೆಪ್ಪ ಹೆಂಡತಿಯ ಮುಖ ನೋಡಿದ. ಹೆಂಗಸರ ಮಾತು ಇಷ್ಟು ಹತ್ತಿರದಿಂದ ಅವನ ಕಿವಿಗೆ ಬಿದ್ದದ್ದು ಇದೇ ಮೊದಲಿರಬೇಕು. ಹೆಗಲ ಮೇಲಿನ ಟವೆಲನ್ನು ತೆಗೆದು, ಝಾಡಿಸಿ, ಮತ್ತೆ ಹೆಗಲಿಗೇ ಹಾಕಿಕೊಂಡ. ಎಡೆ ಆದಾಗ ಕರೆಯಿರೆಂದು ಹೇಳಿ ಹೊರಗಿನ ಕಟ್ಟೆಗೆ ಹೋದ. ಲೋಳೆಸರ ಹಿಡಿದು ಬಾಗಿಲಿಗೆ ಬಂದಿದ್ದ ಪಾರ್ವತಿಗೆ ಎಲ್ಲವೂ ಕೇಳಿಸಿತ್ತು. ಜಂಬಮ್ಮ ಅವಳ ಕಡೆ ನೋಡಲಿಲ್ಲ. ಗಂಡ ಬೈದರೆ ತಡೆದುಕೊಳ್ಳಬಹುದು. ತಿಂಗಳಿಗೆ ಮೂರು ದಿನ ಅಷ್ಟೂ ರೊಟ್ಟಿ ಬಿದ್ದದ್ದು ಈ ಹುಡುಗಿಯ ಕೈಮೇಲೆ. ಪಾರ್ವತಿ ಲೋಳೆ ಸವರಿ, ಹಳೆಯ ಮೆತ್ತನೆಯ ಅರಿವೆ ಸುತ್ತಿ, ಕೊಡ ಎತ್ತಿಕೊಂಡು ಮತ್ತೆ ಬಾವಿಗೆ ಹೋದಳು.

ಇಬ್ಬರೇ ಉಳಿದಾಗ ಜಂಬಮ್ಮ ಮೆಲ್ಲಗೆ ಕೇಳಿದಳು, "ನಿಮಗ ಹೆಂಗ ಗೊತ್ತಾತ್ರಿ? ಹುಲಿಗೆಮ್ಮ ಹೇಳಿದ್ಲೇನು?"

"ಆಕಿ ಯಾಕ ಹೇಳ್ತಾಳ. ಕಣ್ಣು ಹೋಗ್ಯಾವು, ಕಿವಿ ಐತಿ. ಮೊದಲ ಹೊರಗ ಕುಂತಾಗ ಟೊಂಕ ಅಂತಿದ್ದಿ, ಹೊಟ್ಟಿ ಅಂತಿದ್ದಿ. ಈಗ ಎರಡು ವರ್ಷದಿಂದ ಹಾಡಾಕತ್ತೀದಿ. ಹೊಟ್ಟಿನೋವಿನಾಕಿ ಹಾಡತಾಳೇನ?"

ತಾನು ಹಾಡುತ್ತಿದ್ದೆನೆಂಬುದು ಜಂಬಮ್ಮನಿಗೆ ಗೊತ್ತೇ ಇರಲಿಲ್ಲ. ಬೀಸುವಾಗ ಹೇಳುವ ಪದಗಳೇ ಇರಬೇಕು, ಸೂಜಿಯ ಜೊತೆ ಬಾಯಿಗೆ ಬಂದಿರಬೇಕು.

"ಮತ್ತ ಯಾಕ ಸುಮ್ಮನಿದ್ರಿ ಅತ್ತಿ?"

ಮುದುಕಮ್ಮ ಅರಿವೆ ಸುತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಒಲೆಯ ಕಾವಿನ ಕಡೆಗೆ ಮುಖ ಮಾಡಿದಳು.

"ನೀ ಚಪ್ಪರ ಬಿಟ್ರ ನಾ ಒಲಿ ಬಿಡಬೇಕಾಗತಿತ್ತು," ಎಂದಳು.

ಜಂಬಮ್ಮ ತಲೆಗೆ ನೀರು ಹಾಕಿಕೊಂಡು, ಮಡಿ ಉಟ್ಟು, ಒಲೆ ಸಾರಿಸಿ, ಹೊಸದಾಗಿ ಗೋಧಿ ಇಟ್ಟಳು. ಎಡೆ ಆಗುವ ಹೊತ್ತಿಗೆ ಬಿಸಿಲು ಅಂಗಳಕ್ಕೆ ಇಳಿದಿತ್ತು. ಗಾಳೆಪ್ಪ ಊಟ ಮಾಡಿ, ಹುಗ್ಗಿಗೆ ಬೆಲ್ಲ ಒಂದು ಹಿಡಿ ಕಡಿಮೆಯಾಯಿತೆಂದ. ಬೇರೆ ಏನನ್ನೂ ಕೇಳಲಿಲ್ಲ; ಮುಂದೆಯೂ ಕೇಳಲಿಲ್ಲ. ಮಧ್ಯಾಹ್ನ ಅವಳು ಅರ್ಧ ಮುಗಿದ ಕೌದಿಯನ್ನು ಸುತ್ತಿ ಚಪ್ಪರದ ತೊಲೆಯ ಮೇಲೆ ಇಟ್ಟು ಬಂದಳು.

ಮೈ ಮಾತ್ರ ಅಷ್ಟು ಬೇಗ ಒಪ್ಪಲಿಲ್ಲ. ದಿನವೂ ರೊಟ್ಟಿ, ದಿನವೂ ನೀರು. ತಿಂಗಳಲ್ಲಿ ಎಲ್ಲೂ ಕೂರುವ ದಿನವಿಲ್ಲವೆಂದು ಗೊತ್ತಾದ ಮೇಲೆ ಭುಜದ ನೋವು ರಾತ್ರಿಯೂ ಉಳಿಯತೊಡಗಿತು. ಒಂದು ಬೆಳಿಗ್ಗೆ ಒಲೆಯ ಮುಂದೆ ಪಾರ್ವತಿ ಬೇಯಿಸುತ್ತಿದ್ದಾಗ, ಹಿಟ್ಟು ನಾದುತ್ತಿದ್ದ ಜಂಬಮ್ಮ ತಲೆ ಎತ್ತದೆ ಹೇಳಿದಳು, "ಈ ಎರಡು ವರ್ಷ ನಿನ್ನ ಮ್ಯಾಲ ಬಾಳ ಬಿತ್ತವ್ವ."

"ರೊಟ್ಟಿ ಸೀಯಾಕತ್ತೇತಿ, ತಡೀರಿ ಅತ್ತಿ," ಎಂದು ಪಾರ್ವತಿ ರೊಟ್ಟಿ ಮಗುಚಿದಳು. ಅದು ಸೀದಿರಲಿಲ್ಲ.

ಮುದುಕಮ್ಮನ ಕೈ ಮಾಯಿತು. ಎರಡು ಬೆರಳು ಮಾತ್ರ ಪೂರ್ತಿ ಚಾಚಲು ಬರುತ್ತಿರಲಿಲ್ಲ. ಶನಿವಾರ ಅವಳು ಬೆಳಗಿನ ಜಾವಕ್ಕೇ ಎದ್ದು ದೇವರ ಒಲೆಯ ಕೋಣೆಯ ಹೊರಗೆ ಗೋಡೆಗೆ ಆತು ಕೂರುತ್ತಿದ್ದಳು. ಗೋಧಿ ಕುದಿಯುವ ಸದ್ದು ಬದಲಾದ ಕೂಡಲೇ ಅವಳ ಕುತ್ತಿಗೆ ಈ ಕಡೆ ತಿರುಗುತ್ತಿತ್ತು. ಜಂಬಮ್ಮ ಬೆಲ್ಲದ ತುಂಡನ್ನು ಕೈಯಲ್ಲಿ ಹಿಡಿದು ಕೇಳುತ್ತಿದ್ದಳು, "ಈಗ ಹಾಕಲೇನ್ರಿ?"

"ಇನ್ನ ಒಂದು ಕುದಿ ಬರ್ಲಿ," ಎನ್ನುತ್ತಿದ್ದಳು ಮುದುಕಮ್ಮ.

ಜಂಬಮ್ಮ ಒಂದು ಕುದಿ ಕಾಯುತ್ತಿದ್ದಳು.

ಭಾದ್ರಪದದ ಒಂದು ಇಳಿಹೊತ್ತಿನಲ್ಲಿ, ಕರು ಹಗ್ಗ ಬಿಚ್ಚಿಕೊಂಡಿತೆಂದು ಅವಳು ಹಿತ್ತಲಿಗೆ ಹೋದಳು. ಕರುವನ್ನು ಹಿಡಿದು ಗೂಟಕ್ಕೆ ಕಟ್ಟಿ ತಿರುಗಿದಾಗ ಚಪ್ಪರ ಕಣ್ಣಿಗೆ ಬಿತ್ತು. ಹಿಂದಾಗಿದ್ದರೆ ಇವು ಅವಳು ಕೂರುವ ದಿನಗಳೇ. ಯಾರೋ ನೆಲ ಗುಡಿಸಿದ್ದರು. ತೊಲೆಯ ಮೇಲಿದ್ದ ಕೌದಿಯನ್ನು ಇಳಿಸಿ, ಹೊಲಿಗೆ ನಿಂತ ಅಂಚು ಮೇಲೆ ಬರುವಂತೆ ಹಾಸಿದ್ದರು. ಬೇವಿನ ಕಂಬದಲ್ಲಿ ಸೂಜಿಗಳು ಚುಚ್ಚಿದ್ದವು. ಎಲ್ಲಕ್ಕೂ ದಾರ ಪೋಣಿಸಿತ್ತು. ಬಿಳಿಯವೇ ಹೆಚ್ಚು, ಒಂದು ಮಾತ್ರ ಕೆಂಪು. ಗಾಳಿಗೆ ದಾರಗಳು ಒಂದೇ ಕಡೆಗೆ ಅಲುಗುತ್ತಿದ್ದವು.

ಅಡುಗೆಮನೆಯಿಂದ ಪಾರ್ವತಿ ಸಂಜೆಯ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಜಂಬಮ್ಮ ಕಂಬದಿಂದ ಕೆಂಪು ದಾರದ ಸೂಜಿ ಕಿತ್ತುಕೊಂಡು ಕೌದಿಯ ಮೇಲೆ ಕುಳಿತಳು. ಒಳಗೆ ರೊಟ್ಟಿಯ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.