ಬಾಕಿ ಉಳಿದ ಮುಖಗಳು

ದೊಡ್ಡಮ್ಮ ಕಾಲುಚೀಲ ಹಾಕುತ್ತಿದ್ದರು, ಗುಬ್ಬಿ ಬಿಚ್ಚುತ್ತಿದ್ದಳು. ನಡುವೆ ಚಿಕ್ಕಮ್ಮನ ಪಾದಗಳು ಮಂಚದ ತುದಿಯಲ್ಲಿ ಯಾವ ತಕರಾರೂ ಇಲ್ಲದೆ ಮಲಗಿದ್ದವು. ಬದುಕಿದ್ದಿದ್ದರೆ ಇಬ್ಬರಿಗೂ ಒಂದೊಂದು ಒದೆ ಬೀಳುತ್ತಿತ್ತು. ಹಿಂದಿನ ದಿನ ಮಧ್ಯಾಹ್ನ ಊಟ ಮಾಡಿ ಮಲಗಿದವಳು ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಇವತ್ತು ನಾಲ್ಕು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವುದಿತ್ತು.

“ಹೊಸಾದು, ಬಿಳೀದು, ಜೋಡಿ ಇರೋದು ತಂದಿದ್ದೀನಿ. ಇವತ್ತೊಂದು ದಿನ ಮರ್ಯಾದೆಯಾಗಿ ಹೋಗಲಿ ಬಿಡೇ,” ಅಂದರು ದೊಡ್ಡಮ್ಮ.

“ಜೋಡಿ ಹಾಕಿದ್ರೆ, ಯಾರದೋ ಮನೆಗೆ ಬಂದ್ವಿ ಅಂತ ಜನ ವಾಪಸ್ ಹೋಗ್ತಾರೆ, ದೊಡ್ಡಮ್ಮ.”

ಮಾತು ಸುಳ್ಳಲ್ಲ. ಚಿಕ್ಕಮ್ಮ ಇಪ್ಪತ್ತಾರು ವರ್ಷ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ದುಡಿದವಳು. ಗಿರಾಕಿಗಳು ಬಿಟ್ಟುಹೋದ ಒಂಟಿ ಕಾಲುಚೀಲಗಳೆಲ್ಲ ಅವಳ ಪಾಲು. ಅವಳ ಎಡಗಾಲಿಗೂ ಬಲಗಾಲಿಗೂ ಎಂದೂ ಹೊಂದಾಣಿಕೆಯಾದದ್ದಿಲ್ಲ.

ಎಳೆದಾಡಿ ಸಾಕಾಗಿ ಕೊನೆಗೆ ರಾಜಿಯಾಯಿತು. ಬಲಗಾಲು ದೊಡ್ಡಮ್ಮನಿಗೆ, ಎಡಗಾಲು ಗುಬ್ಬಿಗೆ. ಬಲಕ್ಕೆ ಹೊಸ ಬಿಳಿ, ಎಡಕ್ಕೆ ಹಳೆಯ ಹಸಿರು ಪಟ್ಟೆ. ಅಮ್ಮ ಹೋದ ಮೇಲೆ ಗುಬ್ಬಿಗೆ ತನ್ನವರು ಅಂತ ಇದ್ದದ್ದು ಅಮ್ಮನ ಈ ಅಕ್ಕ, ಈ ತಂಗಿ ಇಬ್ಬರೇ. ಇವರಿಬ್ಬರ ನಡುವೆ ರಾಜಿ ಮಾಡಿಸುತ್ತಲೇ ಅವಳಿಗೆ ಮೂವತ್ತು ತುಂಬಿತ್ತು.

ಗುಬ್ಬಿ ಬಾಡಿಗೆ ಕುರ್ಚಿಗಳನ್ನು ಮಂಚದ ಸುತ್ತ ಜೋಡಿಸತೊಡಗಿದಳು.

“ಇಷ್ಟೊಂದು ಯಾಕೆ? ಯಾವ ಮಂತ್ರಿ ಸತ್ತಿದ್ದಾನೆ?”

“ಮೂವತ್ತೊಂದು ಜನ ಬರಬೇಕು, ದೊಡ್ಡಮ್ಮ. ಬಂದೇ ಬರಬೇಕು.”

*

ಶುರುವಾದದ್ದು ಐದು ವರ್ಷದ ಹಿಂದೆ, ಚಿಕ್ಕಮ್ಮನ ಮಂಡಿಯಿಂದ. ಕೂತು ಕೆಲಸ ಮಾಡಬಾರದು ಅಂತ ಲಾಂಡ್ರಿ ಮ್ಯಾನೇಜರು ಅವಳ ಸ್ಟೂಲು ಎತ್ತಿಕೊಂಡು ಹೋದ ಸಂಜೆ. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡೇ, ಅವನು ಸ್ಟೂಲು ಹೊತ್ತು ನಡೆದ ಠೀವಿಯನ್ನು ಮಾಡಿ ತೋರಿಸಿ ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ ಗುಬ್ಬಿ ಅದನ್ನು ನಾಲ್ಕು ಚೌಕದಲ್ಲಿ ಚಿತ್ರ ಬರೆದು ಇಂಟರ್ನೆಟ್ಟಿಗೆ ಹಾಕಿದಳು. ಮರುದಿನ ನೋಡಿದರೆ, ‘ನಮ್ಮಲ್ಲೂ ಸ್ಟೂಲು ಕೊಡಲ್ಲ’ ಎಂದು ನೂರು ಜನ ಬರೆದಿದ್ದರು.

ಹೀಗೆ ‘ಒಂಟಿ ಕಾಲುಚೀಲ’ ಎಂಬ ವೆಬ್‌ಕಾಮಿಕ್ ಹುಟ್ಟಿತು. ವಾರಕ್ಕೊಂದು ಕಂತು. ಚಿಕ್ಕಮ್ಮನ ಕರಾರು ಎರಡೇ.

“ನನ್ನ ಮುಖ ಬರೀಬೇಡ, ಮ್ಯಾನೇಜರಿಗೆ ಗೊತ್ತಾದ್ರೆ ಅನ್ನಕ್ಕೆ ಕುತ್ತು. ಮತ್ತೆ, ನಡೆಯದೇ ಇದ್ದದ್ದನ್ನ ಬರೀಬೇಡ.”

ಹಾಗಾಗಿ ನಾಯಕಿಯ ಬೆನ್ನು ಬಂತು, ಬಿಸಿ ಇಸ್ತ್ರಿಗೆ ಸುಟ್ಟ ಬೆರಳು ಬಂತು, ಕಾಲುಚೀಲ ಬಂತು, ಮುಖ ಬರಲಿಲ್ಲ. ಆದರೆ ವಾರಕ್ಕೆ ಎರಡು ದಿನ ಬರೆಯಲು ಕೂತರೆ ಆ ಎರಡು ದಿನದ ಸಂಬಳ ಎಲ್ಲಿಂದ ಬರಬೇಕು? ಒಂದು ಆ್ಯಪ್ ಕಂಪನಿಯವರು ದುಡ್ಡು ಹಾಕುತ್ತೇವೆ ಅಂತ ಬಂದರು. ನಾಯಕಿಗೆ ಇಪ್ಪತ್ತೆರಡು ವರ್ಷ ಆಗಿರಬೇಕು, ಮ್ಯಾನೇಜರು ಅವಳನ್ನು ಪ್ರೀತಿಸಬೇಕು, ಅಷ್ಟೇ ಅಂದರು.

“ಹಾಗಾದ್ರೆ ನನ್ನ ಮಂಡಿನೋವನ್ನ ಯಾರಿಗೆ ಕೊಡ್ತಾರಂತೆ?” ಎಂದು ಚಿಕ್ಕಮ್ಮ ಕೇಳಿದಳು. ಆ ದುಡ್ಡು ಅಲ್ಲಿಗೇ ನಿಂತಿತು.

ಕೊನೆಗೆ ದಾರಿ ಕಂಡುಹಿಡಿದವಳೂ ಅವಳೇ.

“ಓದೋರೇ ತಿಂಗಳಿಗೆ ಒಂದು ಬ್ರೆಡ್ಡಿನ ದುಡ್ಡು ಕೊಡಲಿ. ಕೊಟ್ಟವರ ಮುಖ ಗುಂಪಿನ ಚಿತ್ರದಲ್ಲಿ ಬರಿ. ನನ್ನ ಮುಖದ ಜಾಗ ಹೇಗೂ ಖಾಲಿ ಇದೆ.”

ಲಾಂಡ್ರಿ ಗಿರಾಕಿ, ಬೀದಿಯವರು, ಬಸ್ಸಿನವರು, ಯಾರನ್ನೂ ಬಿಡದೆ ಚಂದಾಕ್ಕೆ ಸೇರಿಸಿದಳು. ಬಸ್ ಸ್ಟಾಪಿನ ಕಂತಿನಲ್ಲಿ ಏಳು ಮುಖ ಹಿಡಿದವು. ಆಸ್ಪತ್ರೆ ಸಾಲಿನಲ್ಲಿ ಹನ್ನೆರಡು. ಆಮೇಲೆ ಗುಂಪೇ ಮುಗಿದುಹೋಯಿತು! ಹಿಂದಿನ ಕೋಣೆಯಲ್ಲಿ ಒಬ್ಬಳೇ ಮೆಷಿನ್ನಿನ ಜೊತೆ ದಿನ ಕಳೆಯುವ ಹೆಂಗಸಿನ ಬದುಕಿನಲ್ಲಿ ಗುಂಪು ಎಷ್ಟು ಸಲ ಬರುತ್ತದೆ? ಇದನ್ನು ಚಿಕ್ಕಮ್ಮ, ಗುಬ್ಬಿ ಇಬ್ಬರೂ ಮೊದಲೇ ಯೋಚಿಸಿರಲಿಲ್ಲ. ಮೂವತ್ತೊಂದು ಮುಖ ಬಾಕಿ ಉಳಿದವು.

“ಒಂದು ಮದುವೆ ಸೀನು ಹಾಕ್ಲಾ ಚಿಕ್ಕಮ್ಮ?”

“ಯಾರ ಮದುವೆ? ನಂದಾ? ನಡೆಯದ್ದು ಬೇಡ ಅಂದಿಲ್ವಾ?” ಮರುಗಳಿಗೆಗೇ ಕಣ್ಣು ಅರಳಿಸಿದಳು. “ನಾನು ಸತ್ತಾಗ ಜನ ಬರ್ತಾರಲ್ಲ! ಅದರಲ್ಲಿ ಎಲ್ಲರನ್ನೂ ತುರುಕು.”

“ಥೂ, ಬಿಡ್ತು ಅನ್ನು!”

“ಬಿಡ್ತು. ಆದ್ರೂ ಬರಿ.”

ಮರುದಿನದಿಂದಲೇ ಬಾಕಿಯವರಿಗೆಲ್ಲ ಹೇಳಿಕೊಂಡು ಬಂದಳು: “ನಿಮ್ಮದು ಕೊನೇ ಕಂತಿನಲ್ಲಿ. ತಲೆ ಬಾಚ್ಕೊಂಡು ಬನ್ನಿ.”

*

ಎರಡೂವರೆಯಾದರೂ ಬಂದಿದ್ದವರು ಮೂರೇ ಜನ, ಅದರಲ್ಲಿ ಒಬ್ಬ ಕುರ್ಚಿ ಬಾಡಿಗೆಯವನು. ಕೆಲಸದ ದಿನ ಬೇರೆ. ಅವತ್ತು ಎಲ್ಲರೂ ತಮಾಷೆ ಅಂದುಕೊಂಡಿದ್ದರೇನೋ. ಯಾರೂ ಬರದಿದ್ದರೆ ಕೊನೆಯ ಕಂತಿನಲ್ಲಿ ಖಾಲಿ ಕುರ್ಚಿಗಳನ್ನೇ ಬರೆಯಬೇಕು, ಯಾಕೆಂದರೆ ನಡೆದದ್ದು ಅದೇ ಆಗಿರುತ್ತದೆ. ಚಿಕ್ಕಮ್ಮ ಕೊಟ್ಟ ಮಾತೂ ಅವಳ ಜೊತೆಗೇ ವ್ಯಾನು ಹತ್ತುತ್ತದೆ. ಅದನ್ನು ನೆನೆದರೆ ಗುಬ್ಬಿಗೆ ಸಾವಿಗಿಂತ ಹೆಚ್ಚು ಸಂಕಟವಾಗುತ್ತಿತ್ತು.

ಆಗ ಬ್ರೆಡ್ ಅಂಗಡಿಯವನು ಬಂದ. ಮೈಮೇಲಿನ ಹಿಟ್ಟು ತೊಳೆದು, ತಲೆಗೆ ಎಣ್ಣೆ ಮೆತ್ತಿಕೊಂಡು ಫಳಫಳ ಹೊಳೆಯುತ್ತಿದ್ದ. ಹಿಂದೆಯೇ ನಿವೃತ್ತ ಮೇಷ್ಟ್ರು ಬಂದರು, ಇದಕ್ಕೆಂದೇ ಕಟ್ಟಿಸಿದ ಹೊಸ ಹಲ್ಲುಸೆಟ್ಟಿನ ಜೊತೆ. ಆಮೇಲೆ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲದ ಹಾಗೆ ಜನ. ಮೂರೂ ಕಾಲಿಗೆ ಮನೆಯ ಮುಂದೆ ಬಸ್ಸೇ ಬಂದು ನಿಂತಿತು.

“ಸ್ವಲ್ಪ ಲೇಟಾಗುತ್ತೆ ಅಂತ ಪ್ಯಾಸೆಂಜರ್‌ಗೆ ಹೇಳಿ ಬಂದಿದ್ದೀನಿ,” ಅಂದ ಡ್ರೈವರು. “ಯಾರೂ ಬೈಲಿಲ್ಲ. ಅವಳ ಮಂಡಿಗೋಸ್ಕರ ದಿನಾ ಕಾದು ಅಭ್ಯಾಸ ಆಗಿದೆ ಎಲ್ಲರಿಗೂ.”

ಕೊನೆಗೆ ಲಾಂಡ್ರಿ ಮ್ಯಾನೇಜರು ಬಂದರು. ಕೈಯಲ್ಲಿ ಸ್ಟೂಲು! ಅದನ್ನು ಹೊತ್ತು ಅವರು ಅದೇ ಠೀವಿಯಲ್ಲಿ ಒಳಗೆ ನಡೆದದ್ದೇ ತಡ, ಸಾವಿನ ಮನೆಯೆಲ್ಲ ಗೊಳ್ಳೆಂದಿತು.

“ಕುರ್ಚಿ ಸಾಲಲ್ವೇನೋ ಅಂತ ತಂದೆ,” ಅಂದರು ಮ್ಯಾನೇಜರು, ಮುಖ ಕೆಂಪಗೆ ಮಾಡಿಕೊಂಡು.

“ನಿಮಗೆ ಗೊತ್ತಿತ್ತಾ ಸಾರ್, ಅದು ಚಿಕ್ಕಮ್ಮ ಅಂತ?”

“ಮುಖ ಮುಚ್ಚಿ ಕಾಲುಚೀಲ ತೋರಿಸಿದ್ರೆ ಗೊತ್ತಾಗದೆ ಇರುತ್ತೇನಮ್ಮ? ಮುಂದಿನ ವಾರವೇ ಸ್ಟೂಲು ವಾಪಸ್ ಇಟ್ಟೆನಲ್ಲ.”

ಗುಬ್ಬಿ ಚಿತ್ರದ ಪುಸ್ತಕ ಬಿಚ್ಚಿದಳು. ದೊಡ್ಡಮ್ಮ ಸಿಡಿದೆದ್ದರು.

“ಹೆಣ ಇಟ್ಕೊಂಡು ಚಿತ್ರ ಬರೀತಾರೇನೇ? ಇಷ್ಟು ದಿನ ಮನೆ ಮಾತೆಲ್ಲ ಬೀದಿಗೆ ಹಾಕಿದ್ದು ಸಾಲದಾ?”

“ಚಿಕ್ಕಮ್ಮ ಇವರಿಗೆಲ್ಲ ಮಾತು ಕೊಟ್ಟಿದ್ದಾಳೆ, ದೊಡ್ಡಮ್ಮ. ನೀವೇ ಹೇಳ್ತಿದ್ರಲ್ಲ, ನನ್ನ ತಂಗಿಯರು ಏನೇ ಆದ್ರೂ ಮಾತಿಗೆ ತಪ್ಪಲ್ಲ ಅಂತ.”

ಗುಬ್ಬಿ ಬಾಗಿಲ ಬಳಿ ನಿಂತು ಬರೆಯತೊಡಗಿದಳು.

“ಏ, ಅಲ್ಲಿಂದ ನಮ್ಮ ಬೆನ್ನು ಕಾಣುತ್ತೆ,” ಮೇಷ್ಟ್ರು ಗದರಿದರು. “ದುಡ್ಡು ಕೊಟ್ಟಿದ್ದು ಮುಖಕ್ಕೆ! ಹಲ್ಲಿಗೆಷ್ಟು ಖರ್ಚಾಗಿದೆ ಗೊತ್ತಾ?”

ಕಿಟಕಿಯ ಬಳಿ ಹೋದರೆ ಅರ್ಧ ಜನ ಮರೆಯಾದರು. ಎಲ್ಲರೂ ಮಂಚದ ಕಡೆಗೇ ತಿರುಗಿ ಕೂತಿದ್ದರು. ಎಲ್ಲ ಮುಖವೂ ಕಾಣುವ ಜಾಗ ಇಡೀ ಕೋಣೆಯಲ್ಲಿ ಒಂದೇ. ಗುಬ್ಬಿ ಮ್ಯಾನೇಜರ ಸ್ಟೂಲು ತೆಗೆದುಕೊಂಡು ಚಿಕ್ಕಮ್ಮನ ತಲೆಯ ಪಕ್ಕದಲ್ಲಿ ಹಾಕಿಕೊಂಡು ಕೂತಳು, ಅವಳ ಕಣ್ಣಿನ ಮಟ್ಟಕ್ಕೆ ಬಗ್ಗಿದಳು. ಚಿಕ್ಕಮ್ಮನ ಕೂದಲಲ್ಲಿ ಇನ್ನೂ ಸೋಪಿನ ವಾಸನೆ ಇತ್ತು. ಆಗ ಅಳು ಬಂತು. ಅತ್ತಳು. ಎಲ್ಲರೂ ಅಲುಗಾಡದೆ, ನಗುವ ಮುಖ ಇಟ್ಟುಕೊಂಡೇ ಅವಳು ಅತ್ತು ಮುಗಿಸುವವರೆಗೆ ಕಾದರು.

ಇಪ್ಪತ್ತು ಮುಖ ಆಗುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕುರ್ಚಿ ಎಳೆದ ಸದ್ದಾಯಿತು. ದೊಡ್ಡಮ್ಮ ನಟ್ಟನಡುವೆ ಬಂದು ಕೂತಿದ್ದರು.

“ಮೂಗು ದಪ್ಪ ಬರೀಬೇಡ,” ಅಂದರು.

“ನೀವು ಒಂದು ಕಾಸೂ ಕೊಟ್ಟಿಲ್ವಲ್ಲ ದೊಡ್ಡಮ್ಮ!”

“ಎರಡು ವರ್ಷದ ಕೂಸಿಂದ ಎತ್ತಿ ಸಾಕಿದ್ದೀನಿ ಅವಳನ್ನ. ಸಾಲದೇನೇ?”

ಹೊರಗೆ ವ್ಯಾನು ಬಂತು. ಬಸ್ ಡ್ರೈವರು ಓಡಿಹೋಗಿ, ಎರಡು ಮುಖ ಬಾಕಿ ಇದೆ, ತಡ್ಕೊಳ್ಳಿ ಅಂತ ಹೇಳಿ ಬಂದು ಮತ್ತೆ ತನ್ನ ಜಾಗದಲ್ಲಿ ನೆಟ್ಟಗೆ ಕೂತ.

ಆ ವಾರ ಬಂದ ಕಂತಿನಲ್ಲಿ ಮಾತಿರಲಿಲ್ಲ, ಚಿತ್ರವೂ ಒಂದೇ. ಹೊಳೆಯುವ ತಲೆ, ಹೊಸ ಹಲ್ಲು, ಬಾಕಿಯ ಮೂವತ್ತೊಂದು ಮುಖಗಳೂ, ಜೊತೆಗೆ ಕೆಂಪಗಾದ ಮ್ಯಾನೇಜರ ಮುಖವೂ ನೇರ ಇತ್ತಲೇ ನೋಡುತ್ತಿದ್ದವು. ಅವರ ನಡುವೆ ದಪ್ಪ ಮೂಗಿನ ಮುದುಕಿಯೊಬ್ಬರು, ಮಿಕ್ಕುಹೋದ ಒಂದು ಬಿಳಿ ಕಾಲುಚೀಲದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಚಿತ್ರದ ಕೆಳಗಿನ ಅಂಚಿನಲ್ಲಿ, ಮಲಗಿದವರಿಗೆ ತಮ್ಮ ಕಾಲು ಹೇಗೆ ಕಾಣುತ್ತದೋ ಹಾಗೆ, ಎರಡು ಪಾದ ಎದ್ದು ನಿಂತಿದ್ದವು. ಒಂದು ಬಿಳಿ, ಒಂದು ಹಸಿರು ಪಟ್ಟೆ.