ಮೂಗು ಸಾಹೇಬರ ಸಿಗಡಿ

ಮೀನು ಮಾರುಕಟ್ಟೆಯಲ್ಲಿ ಇಪ್ಪತ್ತೊಂಬತ್ತು ವರ್ಷ ತಪಾಸಣೆ ಅಧಿಕಾರಿಯಾಗಿದ್ದವರನ್ನು ಅಲ್ಲಿನವರು ಬೆನ್ನ ಹಿಂದೆ ಮೂಗು ಸಾಹೇಬರು ಅನ್ನುತ್ತಿದ್ದರು. ಬುಟ್ಟಿಯ ಮೇಲೆ ಒಮ್ಮೆ ಬಗ್ಗಿದರೆಂದರೆ ಮುಗಿಯಿತು. ಯಾವುದು ಬೆಳಗಿನದು, ಯಾವುದು ನಿನ್ನೆಯದು, ಯಾವ ಹಳೆಯ ಮಾಲಿನ ಮೇಲೆ ಹೊಸ ಮಂಜುಗಡ್ಡೆ ಸುರಿದಿದ್ದಾರೆ, ಎಲ್ಲವನ್ನೂ ಆ ಮೂಗು ಹೇಳಿಬಿಡುತ್ತಿತ್ತು. ನಿವೃತ್ತರಾದ ಮೇಲೂ ಹೆಸರು ಅವರನ್ನು ಬಿಡಲಿಲ್ಲ. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಆ ಮೂಗು ಏಳು ತಿಂಗಳ ಹಿಂದೆ ಕೈಕೊಟ್ಟಿತ್ತು. ಒಂದು ವಾರ ಜ್ವರ, ನೆಗಡಿ ಹಿಡಿದು ಮಲಗಿದ್ದರು. ಜ್ವರ ಬಿಟ್ಟಿತು, ನೆಗಡಿ ಹೋಯಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಸೋಪು, ಬೆಳ್ಳುಳ್ಳಿ, ಫಿನಾಯಿಲು, ಯಾವುದನ್ನು ಹಿಡಿದರೂ ಒಂದೇ, ಬರೀ ಗಾಳಿ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದರು. ಹೇಳಿಕೊಳ್ಳಲು ಬಾಯಿ ಬರಲಿಲ್ಲ. ಊಟಕ್ಕೆ ಕೂತಾಗ ಮೊದಲಿನ ಹಾಗೇ ತಟ್ಟೆಯ ಮೇಲೆ ಬಗ್ಗಿ "ಘಮ್ ಅಂತಿದೆ" ಅನ್ನುವುದನ್ನು ಮಾತ್ರ ತಪ್ಪಿಸಲಿಲ್ಲ.

ಗುಟ್ಟು ಹಳೆಯದಾಗುತ್ತ ಹೋದಂತೆ ಅವರಿಗೆ ಕಂಡಕಂಡವರ ಮೇಲೆಲ್ಲ ಗುಮಾನಿ ಶುರುವಾಯಿತು. ಎದುರುಮನೆಯವನು "ಏನೋ ಸುಟ್ಟ ವಾಸನೆ ಅಲ್ವಾ?" ಎಂದರೆ, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆಯೇ ಎಂದು ಅವನ ಮುಖವನ್ನೇ ನೋಡುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಗುಮಾನಿ ಅಳಿಯನ ಮೇಲೆ. ಮಗಳ ಮದುವೆಯಾಗಿ ನಾಲ್ಕು ತಿಂಗಳಾಗಿತ್ತಷ್ಟೆ. ಅಳಿಯ ಗ್ಯಾಸ್ ಒಲೆ ರಿಪೇರಿ ಮಾಡುವವನು, ಮಾತು ಕಡಿಮೆ, ನೋಟ ಜಾಸ್ತಿ. ಕಳೆದ ಸಲ ಊಟಕ್ಕೆ ಬಂದಾಗ ಇವರು ತಟ್ಟೆಯ ಮೇಲೆ ಬಗ್ಗಿದ್ದನ್ನು ಅವನು ಒಂದು ಕ್ಷಣ ಹೆಚ್ಚೇ ನೋಡಿದ್ದ.

ಹೀಗಿರುವಾಗ ಶನಿವಾರ ಮಗಳ ಫೋನು ಬಂತು. "ಅಪ್ಪಾ, ನಾಳೆ ಇವರು ಅಲ್ಲಿಗೇ ಬಂದು ಸಿಗಡಿ ಸುಡ್ತಾರಂತೆ, ಕಡ್ಡಿಗೆ ಚುಚ್ಚಿ. ಸಿಗಡಿ ಮಾತ್ರ ನೀನೇ ತರಬೇಕು. ನಿನಗಿಂತ ಚೆನ್ನಾಗಿ ಆರಿಸೋರು ಯಾರಿದ್ದಾರೆ? ಸುಲಿದಿರೋದೇ ತಾ, ಕೆಲಸ ಕಡಿಮೆ."

ಸುಲಿದದ್ದು ಎಂಬ ಮಾತಿಗೆ ಸಾಹೇಬರಿಗೆ ದಿಗಿಲಾಯಿತು. ತಲೆ, ಸಿಪ್ಪೆ ಇದ್ದರೆ ಕಣ್ಣಿಗೇ ಗೊತ್ತಾಗುತ್ತದೆ. ತಲೆ ಕಪ್ಪಾಗಿದೆಯೇ, ಸಿಪ್ಪೆ ಸಡಿಲವಾಗಿದೆಯೇ ನೋಡಿದರೆ ಸಾಕು. ಸುಲಿದು ತೊಳೆದಿಟ್ಟ ಸಿಗಡಿಗೆ ಮೂಗೇ ಗತಿ. ಇದು ಯಾರ ಕಿತಾಪತಿ? ಅಳಿಯನೇ ಹೇಳಿಕೊಟ್ಟಿರಬೇಕು ಎಂದುಕೊಂಡರು. ಆದರೂ ಸಂಜೆ ಮಾರುಕಟ್ಟೆಗೆ ಹೋದರು. ಮಾರುವವಳು ತಟ್ಟೆ ಮುಂದೆ ಹಿಡಿದಾಗ ಹಳೆಯ ಗತ್ತಿನಲ್ಲೇ ಬಗ್ಗಿ, ಮೂಸಿ, ತಲೆಯಾಡಿಸಿ, ನಲವತ್ತೆಂಟು ಎಣಿಸಿ ತಂದರು.

ಭಾನುವಾರ ಹೆಂಡತಿ ಹೊಸ ಕನ್ನಡಕಕ್ಕೆ ಫ್ರೇಮು ನೋಡಲು ಮಗಳ ಜೊತೆ ಅಂಗಡಿಗೆ ಹೋಗಿದ್ದಳು. ಹನ್ನೊಂದು ಗಂಟೆ. ಸಾಹೇಬರು ಹಾಲು ಕಾಯಲು ಇಟ್ಟು ಪೇಪರ್ ಓದುತ್ತ ಅಡುಗೆಮನೆಯಲ್ಲೇ ಕೂತಿದ್ದರು. ತಲೆ ಎತ್ತಿದಾಗ ಹಾಲು ಉಕ್ಕಿ ಒಲೆ ಆರಿತ್ತು. ಪಾತ್ರೆ ಇಳಿಸಿದರು, ಕಟ್ಟೆ ಒರೆಸಿದರು, ಮತ್ತೆ ಓದು ಮುಂದುವರಿಸಿದರು. ಒಂದು ಟೀ ಕುಡಿಯೋಣ ಅನ್ನಿಸಿ ಲೈಟರ್ ಹುಡುಕಿ ಕೈಗೆ ತೆಗೆದುಕೊಳ್ಳುವುದಕ್ಕೂ ಯಾರೋ ಬಾಗಿಲು ತಟ್ಟುವುದಕ್ಕೂ ಸರಿಹೋಯಿತು.

ಅಳಿಯ ಹೊಸ್ತಿಲಲ್ಲೇ ನಿಂತ. ಮೂಗರಳಿಸಿದ. ನಮಸ್ಕಾರವಿಲ್ಲ, ಏನಿಲ್ಲ, ಮಾವನ ಕೈಯಿಂದ ಲೈಟರ್ ಕಿತ್ತುಕೊಂಡು ಜೇಬಿಗೆ ಹಾಕಿದ. ನೇರ ಅಡುಗೆಮನೆಗೆ ನುಗ್ಗಿ ಒಲೆಯ ಬಳಿ ಬಗ್ಗಿದ, ಸಿಲಿಂಡರ್ ಹತ್ತಿರ ಕೈ ಆಡಿಸಿದ, ಕಿಟಕಿಗಳನ್ನು ಒಂದೊಂದಾಗಿ ತೆರೆದ.

"ಇದೇನು ಇದು?" ಎಂದರು ಸಾಹೇಬರು.

"ಮಾವ, ನಿಮಗೆ..." ಎಂದು ಅಳಿಯ ಶುರುಮಾಡಿದ.

ಏನೋ ವಾಸನೆ ಇರಬೇಕು ಎಂದು ಸಾಹೇಬರಿಗೆ ಹೊಳೆಯಿತು. ತಕ್ಷಣ, "ಹಾಲು ಸೀದ ವಾಸನೆ ತಾನೇ? ನನಗೂ ಬಂತು. ಅದಕ್ಕಿಷ್ಟು ರಂಪ ಯಾಕೆ? ಲೈಟರ್ ಕೊಡಿ, ಟೀ ಮಾಡ್ತೀನಿ" ಎಂದುಬಿಟ್ಟರು.

ಅಳಿಯ ಪಾತ್ರೆಯೊಳಗೆ ಇಣುಕಿದ. ಮಾವನನ್ನು ನೋಡಿದ. "ಟೀ ಆಮೇಲೆ ಕುಡಿಯೋಣ ಮಾವ. ಒಂದು ಐದು ನಿಮಿಷ ಬಾಲ್ಕನೀಲಿ ನಿಲ್ಲೋಣ ಬನ್ನಿ" ಎಂದ.

ನನ್ನ ಮನೆಯಲ್ಲಿ ನನಗೇ ಟೀ ಬೇಡ ಅನ್ನಲು ಇವನ್ಯಾರು? ಸಾಹೇಬರು ಒಳಗೊಳಗೇ ಕುದಿದರು. ಮಗಳ ಮನೆಯವನು ಎಂದು ನಾಲಿಗೆ ಬಿಗಿಹಿಡಿದರು.

ಸ್ವಲ್ಪ ಹೊತ್ತಾದ ಮೇಲೆ ಅಳಿಯ ಕೆಲಸಕ್ಕೆ ಕೂತ. ಬಿದಿರು ಕಡ್ಡಿಗಳನ್ನು ಸುಡದ ಹಾಗೆ ನೀರಿನಲ್ಲಿ ನೆನೆಹಾಕಿದ, ಬೆಳ್ಳುಳ್ಳಿ ಜಜ್ಜಿದ, ನಿಂಬೆಹಣ್ಣು ಹೆಚ್ಚಿದ. ಫ್ರಿಜ್ಜಿನಿಂದ ಸಿಗಡಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದವನು ಹಾಗೇ ನಿಂತ. ಮತ್ತೆ ಮುಚ್ಚಿ, ಮಾವನಿಗೆ ಬೆನ್ನು ಮಾಡಿ ಸಿಂಕಿನ ಬಳಿ ಏನೋ ತೊಳೆದು, ಒಂದು ಕಪ್ಪು ಚೀಲ ಹಿಡಿದು ಬಂದ.

"ಮಾವ, ಇದ್ದಿಲು ಸಾಲೋ ಹಾಗೆ ಕಾಣ್ತಿಲ್ಲ. ಈಗ ತಂದ್ಬಿಡ್ತೀನಿ."

ಅವನು ತಂದು ಬಾಗಿಲ ಬಳಿ ಇಟ್ಟಿದ್ದ ಇದ್ದಿಲಿನ ಚೀಲದ ಬಾಯಿಯನ್ನೇ ಇನ್ನೂ ಬಿಚ್ಚಿರಲಿಲ್ಲ. ಅವನು ಇಳಿದು ಹೋಗುತ್ತಿದ್ದಂತೆ ಸಾಹೇಬರು ಕಿಟಕಿಗೆ ಬಂದು ಪರದೆಯ ಮರೆಯಲ್ಲಿ ನಿಂತರು. ಮೂರನೆಯ ಮಹಡಿಯಿಂದ ಗೇಟು ಚೆನ್ನಾಗಿ ಕಾಣುತ್ತಿತ್ತು. ಅಳಿಯ ಕೈಯಲ್ಲಿದ್ದ ಕಪ್ಪು ಚೀಲಕ್ಕೆ ಎರಡು ಗಂಟು ಹಾಕಿ ಕಸದ ಡ್ರಮ್ಮಿಗೆ ಇಳಿಬಿಟ್ಟ. ಅತ್ತಿತ್ತ ನೋಡಿದ. ಗಾಡಿ ಹತ್ತಿ ಹೋದ.

ಸಾಹೇಬರು ಫ್ರಿಜ್ ತೆರೆದರು. ಡಬ್ಬಿ ತೊಳೆದಿಟ್ಟಿತ್ತು, ಖಾಲಿ.

ಮುಕ್ಕಾಲು ಗಂಟೆ ಅವರ ತಲೆಯಲ್ಲಿ ಏನೇನೋ ಓಡಿತು. ನಾನು ತಂದದ್ದು ಇವನ ಅಂತಸ್ತಿಗೆ ಸಾಲದೇ? ನಾಳೆ ಮಗಳ ಮುಂದೆ "ನಿಮ್ಮಪ್ಪನಿಗೆ ಸಿಗಡಿ ಆರಿಸಲೂ ಬರಲ್ಲ" ಎಂದು ಮೂಗು ಮುರಿಯಲು ದಾರಿ ಮಾಡಿಕೊಂಡನೇ? ಲೈಟರ್ ಕಿತ್ತುಕೊಂಡದ್ದು, ಸಿಲಿಂಡರಿಗೆ ಕೈ ಹಾಕಿದ್ದು, ಈಗ ಇದು. ಒಂದಕ್ಕೊಂದು ಕೂಡಿಸಿದಷ್ಟೂ ಅಳಿಯ ಭಾರಿ ಖದೀಮನಾಗಿ ಕಾಣತೊಡಗಿದ.

ಅಳಿಯ ವಾಪಸು ಬಂದವನೇ ಬಾಲ್ಕನಿಯಲ್ಲಿ ಕಬ್ಬಿಣದ ತಟ್ಟೆಯಿಟ್ಟು, ಅದರ ಮೇಲೆ ಹಳೆಯ ಓವನ್ನಿನ ಜಾಲರಿ ಹೊಂದಿಸಿ, ಇದ್ದಿಲು ಹೊತ್ತಿಸಿದ. ಮಸಾಲೆ ಹಚ್ಚಿದ ಸಿಗಡಿಗಳನ್ನು ಕಡ್ಡಿಗೆ ಐದೈದರಂತೆ ಚುಚ್ಚಿ ಸುಡಲು ಇಟ್ಟ. ಎಲ್ಲಕ್ಕೂ ಬಾಲವಿತ್ತು. ಸಾಹೇಬರು ತಂದದ್ದರಲ್ಲಿ ಒಂದಕ್ಕೂ ಬಾಲವಿರಲಿಲ್ಲ.

"ಅಳಿಯಂದ್ರೇ," ಎಂದರು ಸಾಹೇಬರು, ಸ್ಟೂಲು ಎಳೆದುಕೊಂಡು ಎದುರಿಗೇ ಕೂತು, "ಒಂದು ರಾತ್ರೀಲಿ ನಮ್ಮ ಸಿಗಡಿಗೆ ಬಾಲ ಬೆಳೀತಾ?"

ಅಳಿಯ ಕಡ್ಡಿ ತಿರುಗಿಸುತ್ತ, "ಅದು... ಬೆಕ್ಕು ಬಾಯಿ ಹಾಕ್ತು ಮಾವ" ಎಂದ.

"ಮೂರನೇ ಮಹಡೀಲಿ, ಫ್ರಿಜ್ ಬಾಗಿಲು ತೆಗೆದು, ಡಬ್ಬಿ ತೊಳೆದಿಟ್ಟು ಹೋಗೋ ಬೆಕ್ಕು. ಹೇಳಿ, ಯಾಕೆ ಎಸೆದ್ರಿ? ಕಿಟಕೀಲಿ ನೋಡ್ದೆ."

ಅಳಿಯ ತಲೆ ತಗ್ಗಿಸಿದ. "ಕೆಟ್ಟಿತ್ತು ಮಾವ."

"ನಾನು ಮೂಸಿ ತಂದಿದ್ದು. ಇಪ್ಪತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದೀನಿ."

"ಗೊತ್ತು. ಅದಕ್ಕೇ ಹೇಳೋಕೆ ಮನಸ್ಸು ಬರ್ಲಿಲ್ಲ." ಅವನು ಇಕ್ಕಳ ಕೆಳಗಿಟ್ಟ. "ಬೆಳಿಗ್ಗೆ ನಾನು ಬಂದಾಗ ಮನೆ ತುಂಬ ಗ್ಯಾಸ್ ಇತ್ತು ಮಾವ. ಹಾಲು ಉಕ್ಕಿ ಒಲೆ ಆರಿತ್ತು, ನಾಬ್ ಹಾಗೇ ತೆರೆದಿತ್ತು. ಬಾಗಿಲಲ್ಲೇ ಮೂಗಿಗೆ ರಾಚ್ತು. ನಿಮ್ಮ ಕೈಯಲ್ಲಿ ಲೈಟರ್. ಹೇಳೋಣ ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ನೀವು ಹಾಲು ಸೀದ ವಾಸನೆ ಅಂದ್ರಿ. ಹಾಲು ಸೀದೇ ಇರಲಿಲ್ಲ."

ಸಾಹೇಬರು ಲೈಟರ್ ಹಿಡಿದಿದ್ದ ಬಲಗೈಯನ್ನು ನೋಡಿಕೊಂಡರು. ಹೆಂಡತಿ, ಮಗಳು ಆ ಹೊತ್ತಿಗೆ ಮನೆಯಲ್ಲೇ ಇದ್ದಿದ್ದರೆ, ಅಳಿಯ ಎರಡು ನಿಮಿಷ ತಡಮಾಡಿದ್ದರೆ ಎಂದು ನೆನೆದು ತೆರೆದ ಕಿಟಕಿಗಳ ಕಡೆ ತಿರುಗಿದರು.

"ಎಷ್ಟು ದಿನದಿಂದ ಮಾವ?" ಅಳಿಯ ಮೆಲ್ಲಗೆ ಕೇಳಿದ.

"ಏಳು ತಿಂಗಳು."

"ಅತ್ತೆಗೆ ಗೊತ್ತಾ?"

ಸಾಹೇಬರು ಇಲ್ಲವೆಂದು ತಲೆಯಾಡಿಸಿದರು. "ನೀನೂ ಹೇಳ್ಬೇಡ" ಎಂದರು. ಏಕವಚನ ತಾನಾಗಿ ಬಂದಿತ್ತು. ಇಬ್ಬರೂ ಅದನ್ನು ಗಮನಿಸಿದರು.

"ನಾನು ಹೇಳಲ್ಲ. ಆದರೆ ನೀವು ಹೇಳ್ಬೇಕು. ಆ ಅಡುಗೆಮನೇಲಿ ಅತ್ತೆಯೂ ಓಡಾಡ್ತಾರೆ."

ಒಂದೂವರೆಗೆ ತಾಯಿ ಮಗಳು ಬಂದರು. ಸಿಗಡಿ ಕೆಂಪಗೆ ಸುರುಳಿಯಾಗಿ, ಅಂಚು ಅಲ್ಲಲ್ಲಿ ಕಪ್ಪಾಗಿ, ಬಿಸಿಬಿಸಿಯಾಗಿ ತಟ್ಟೆಗೆ ಬಂತು. ಎಲ್ಲರ ಕಣ್ಣು ಸಾಹೇಬರ ಮೇಲೆ. ಅವರು ಅಭ್ಯಾಸದಂತೆ ಬಗ್ಗಿದರು, ಅರ್ಧಕ್ಕೇ ನಿಂತರು. ನೆಟ್ಟಗೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸಿಗಡಿಯ ವಿಷಯವನ್ನೂ ಬಿಡಲಿಲ್ಲ, ಗ್ಯಾಸಿನ ವಿಷಯವನ್ನೂ ಬಿಡಲಿಲ್ಲ.

ಮಗಳು ಎದ್ದು ಬಂದು ಅಪ್ಪನ ಭುಜ ಹಿಡಿದಳು. ಹೆಂಡತಿ ಮಾತ್ರ ಕಣ್ಣು ಕಿರಿದು ಮಾಡಿ ಕೇಳಿದಳು, "ಹಾಗಾದ್ರೆ ಏಳು ತಿಂಗಳಿಂದ ನನ್ನ ಅಡುಗೆಗೆ ದಿನಾ ಘಮ್ ಅಂತಿದೆ, ಘಮ್ ಅಂತಿದೆ ಅಂತಿದ್ರಲ್ಲ, ಅದೇನ್ರೀ?"

"ಅದು... ಇದ್ದೇ ಇರುತ್ತೆ ಅಂತ ನಂಬಿಕೆ."

ಅಳಿಯ ನಗು ತಡೆಯಲಾರದೆ ಎದ್ದು ಬಾಲ್ಕನಿಗೆ ಹೋದ. ಹೆಂಡತಿ ನಗಲಿಲ್ಲ. ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು. ಗಂಡನ ಮುಖವನ್ನು ಬಹಳ ಹೊತ್ತು ಪರೀಕ್ಷೆ ಮಾಡುವವಳಂತೆ ನೋಡಿದಳು, ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂಬ ಹಾಗೆ. ನಂತರ ಒಂದು ಕಡ್ಡಿ ತೆಗೆದು ಅವರ ತಟ್ಟೆಗಿಟ್ಟಳು.

"ಈಗ ನಿಜ ಹೇಳಿ. ಹೇಗಿದೆ?"

ಸಾಹೇಬರು ಒಂದು ಸಿಗಡಿ ಕಚ್ಚಿ ನಿಧಾನವಾಗಿ ಅಗಿದರು. "ಬಿಸಿ ಇದೆ. ಉಪ್ಪು ಸರಿಯಿದೆ. ಹುಳಿ ಗೊತ್ತಾಗ್ತಿದೆ, ಖಾರ ನಾಲಿಗೆ ಸುಡ್ತಿದೆ. ಅಷ್ಟೇ. ಉಳಿದದ್ದು ನೀನೇ ಹೇಳು."

ಅವಳು ತನ್ನ ತಟ್ಟೆಯಿಂದ ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. "ಮೊದಲು ಹೊಗೆ ಬರುತ್ತೆ," ಎಂದು ಶುರುಮಾಡಿದಳು, "ಆಮೇಲೆ ಬೆಳ್ಳುಳ್ಳಿ. ತಾಳಿ, ಅವಸರ ಮಾಡ್ಬೇಡಿ, ಹೇಳ್ತೀನಿ."