ನಿಮಗೆ ಮಾತ್ರ ಹೇಳುತ್ತಿದ್ದೇನೆ

ಡ್ರಮ್ ಬಾರಿಸುವವನು ಅಂಗಡಿಗೆ ಬಂದು ಬೂಟು ಕಳಚಿದ. ನಾನು ನೆಲಕ್ಕೆ ಹಾಳೆ ಹಾಸಿ, ಪೆನ್ಸಿಲ್ ಹಿಡಿದು ಮಂಡಿಯೂರಿದೆ. ಅವನು ಹಾಳೆಯ ಮೇಲೆ ಕಾಲಿಡಲೇ ಇಲ್ಲ.

"ನೀವು ಆರಾಮಾಗಿ ಕೂತ್ಕೊಳ್ಳಿ ಅಮ್ಮಾ. ಈ ಸಲ ನಿಮ್ಮ ಸೊಸೆ ಗೆರೆ ಎಳೀಲಿ," ಅಂದ.

ಹನ್ನೆರಡು ವರ್ಷದಿಂದ ಅವನ ಪಾದಕ್ಕೆ ಗೆರೆ ಎಳೆದವಳು ನಾನು. ಅದೇ ವಾರ ಆಸ್ಪತ್ರೆಯ ನರ್ಸೂ ಹಾಗೇ ಅಂದಳು. ಶನಿವಾರ ನಿವೃತ್ತ ಪೋಸ್ಟ್‌ಮ್ಯಾನ್ ಬಂದವರು ನನ್ನ ಮುಖ ನೋಡಿ, "ಆರೋಗ್ಯ ಹೇಗಿದೆ?" ಎಂದು ಪಿಸುದನಿಯಲ್ಲಿ ಕೇಳಿ, ಸೀದಾ ಸೊಸೆಯ ಕಡೆ ನಡೆದರು. ಒಬ್ಬರಾದರೆ ಸುಮ್ಮನಿರಬಹುದು. ಮೂವರು ಒಂದೇ ಮಾತು ಆಡಿದರೆ ಯಾರೋ ಹೇಳಿಕೊಟ್ಟಿದ್ದಾರೆ ಎಂದೇ ಅರ್ಥ. ನನ್ನ ತಲೆಗೆ ಹುಳ ಹೊಕ್ಕಿತು.

ನಮ್ಮದು ಎರಡು ಕಾಲೂ ಒಂದೇ ಅಳತೆಯಲ್ಲಿಲ್ಲದವರಿಗೆ ಬೂಟು ಮಾಡಿಕೊಡುವ ಅಂಗಡಿ. ಗಿರಾಕಿಯನ್ನು ಹಾಳೆಯ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆಯುವುದು ನನ್ನ ಕೆಲಸ. ಆ ಗೆರೆಯಂತೆ ಮರದ ಅಚ್ಚು ಕೆತ್ತಿ ಬೂಟು ಹೊಲಿಯುವುದು ಯಜಮಾನರ ಕೆಲಸ. ಗೆರೆ ಕೂದಲೆಳೆಯಷ್ಟು ತಪ್ಪಿದರೂ ಬೂಟು ಕಚ್ಚುತ್ತದೆ. ನಾಲ್ಕು ತಿಂಗಳಿಂದ ನನ್ನ ಬಲಗೈ ನಡುಗುತ್ತಿದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಂಡಿಯೂರುವ ಆ ಜಾಗ ನನ್ನದಾಗಿ ಉಳಿಯುವುದಿಲ್ಲ, ಅಷ್ಟೇ. ಆ ಜಾಗ ಬಿಟ್ಟರೆ ಈ ಅಂಗಡಿಯಲ್ಲಿ ನಾನು ಗೋಡೆಗೊರಗಿಸಿಟ್ಟ ಕುರ್ಚಿ.

ಗೆರೆ ಎಳೆಯುವಾಗ ಜನ ಮಾತಾಡುತ್ತಾರೆ. ಕಾಲು ಕೊಟ್ಟು ನಿಂತವರಿಗೆ ಬೇರೇನು ಕೆಲಸ? ಅವರು ಹೇಳಿದ್ದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳುವುದು ನನ್ನ ರೂಢಿ. ಆರು ತಿಂಗಳಿಗೊಮ್ಮೆ ಹಾಳೆ ತೆಗೆದು, ಒಬ್ಬೊಬ್ಬರಿಗೂ ಇಮೇಲ್ ಬರೆಯುತ್ತಿದ್ದೆ. ಕಿರುಬೆರಳಿನ ಆಣಿ ಹೋಯಿತೇ, ಮೂರನೇ ಮಹಡಿಯಿಂದ ಮನೆ ಬದಲಾಯಿಸಿದಿರಾ, ಹೀಗೆ. ಬೂಟಿನ ಮಾತು ಕೊನೆಯ ಸಾಲಿನಲ್ಲಿ. ಆಗ ಇದ್ದವರು ಅರವತ್ತು ಜನ. ಅವರು ಇವರಿಗೆ ಹೇಳಿ, ಇವರು ಇನ್ನೊಬ್ಬರಿಗೆ ಹೇಳಿ, ಈಗ ಸಾವಿರದ ಒಂಬೈನೂರು. ಅಷ್ಟು ಜನಕ್ಕೆ ಬರೆಯಲು ನನಗೇನು ಹತ್ತು ತಲೆಯೇ? ಸೊಸೆ ಅಂಚಿನ ಮಾತನ್ನೆಲ್ಲ ಕಂಪ್ಯೂಟರಿಗೆ ತುಂಬಿದಳು. ಪತ್ರ ನನ್ನ ಹೆಸರಲ್ಲೇ ಹೋಗುತ್ತದೆ, ಬರೆಯುವವಳು ಅವಳು.

ನಾನು ಎರಡು ಷರತ್ತು ಹಾಕಿದ್ದೆ. ಸುಳ್ಳು ಬರೆಯಕೂಡದು. ಓದಿದವರಿಗೆ ತನಗೊಬ್ಬರಿಗೇ ಬರೆದದ್ದು ಅನ್ನಿಸಬೇಕು. ತಿಂಗಳಿಗೊಮ್ಮೆ ಅವಳು ಇಪ್ಪತ್ತು ಪತ್ರ ಅಚ್ಚು ಹಾಕಿ ತಂದು ನನ್ನ ಮುಂದಿಡುತ್ತಿದ್ದಳು. ನಾನು ಓದಿ ತಲೆಯಾಡಿಸುತ್ತಿದ್ದೆ. ಆ ಇಪ್ಪತ್ತನ್ನು ಆರಿಸುತ್ತಿದ್ದವಳೂ ಅವಳೇ ಎಂಬುದು ನನಗೆ ಈಗ ಹೊಳೆಯಿತು.

ಉಳಿದ ಪತ್ರಗಳಲ್ಲಿ ಏನು ಬರೀತಾಳೆ ಎಂದು ಮಗನನ್ನು ಕೇಳಿದೆ. "ನಂಗೇನು ಗೊತ್ತಮ್ಮಾ, ನಾನು ಪಾರ್ಸೆಲ್ ಕಟ್ಟೋನು," ಎಂದು ಜಾರಿಕೊಂಡ. ಹೆಂಡತಿಯ ವಿಷಯಕ್ಕೆ ಬಂದರೆ ಅವನ ನಾಲಿಗೆ ಯಾವತ್ತೂ ಹೀಗೇ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ನಾನು ಹತ್ತಿರ ಹೋದರೆ ಸೊಸೆ ಪರದೆಯ ಮೇಲಿನ ಪುಟ ಬದಲಿಸುತ್ತಾಳೆ. ನಾನು ಎಳೆದ ಹಾಳೆಗಳನ್ನು ಸಂಜೆ ಚೀಲದಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾಳೆ. ಅತ್ತೆಯ ಕಾಲು ಹಿಡಿದು ಅಂಗಡಿಗೆ ಬಂದವಳು ಈಗ ಅತ್ತೆಯ ಕಾಲೆಳೆದು ಬೀಳಿಸುತ್ತಿದ್ದಾಳೆ ಎಂದು ಲೆಕ್ಕ ಹಾಕಿದೆ.

ಹಾಗಾದರೆ ನಾನೂ ಕಮ್ಮಿಯಿಲ್ಲ. ತಂಗಿಯ ಇಮೇಲ್ ವಿಳಾಸ ಹಾಕಿ, ಹಿಮ್ಮಡಿ ಬಿರುಕು, ಮಹಡಿ ಮನೆ, ಎರಡು ಬೆಕ್ಕು ಎಂದು ಅಂಚಿನಲ್ಲಿ ಕಥೆ ಕಟ್ಟಿ, ಹೊಸ ಗಿರಾಕಿಯ ಹಾಳೆಯಂತೆ ಅವಳ ಹಾಳೆಗಳ ಕಟ್ಟಿನ ನಡುವೆ ತೂರಿಸಿದೆ. ಹದಿನೈದು ದಿನಕ್ಕೆ ತಂಗಿಯ ಫೋನ್ ಬಂತು.

"ಅಕ್ಕಾ, ಏನೇ ಇದು? ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಅವಳು ಅಳುತ್ತಿದ್ದಳು.

"ಮೊದಲು ಓದು," ಅಂದೆ.

ಓದಿದಳು. ಬೆಕ್ಕುಗಳ ಕ್ಷೇಮ ವಿಚಾರಿಸಿತ್ತು. ಬಿರುಕಿಗೆ ಕೊಬ್ಬರಿ ಎಣ್ಣೆ ಹಚ್ಚಲು ಹೇಳಿತ್ತು. ನಾನೇ ಬರೆದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಆಮೇಲೆ ಹೀಗಿತ್ತು: "ಮುಂದಿನ ಸಲ ಬಂದಾಗ ನನ್ನ ಸೊಸೆ ಅಳತೆ ತೆಗೆಯುತ್ತಾಳೆ. ನನ್ನ ಕೈ ನಡುಗುತ್ತಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ."

ಸಾವಿರದ ಒಂಬೈನೂರು ಜನಕ್ಕೆ ಮಾತ್ರ! ಊರಿಗೆಲ್ಲ ಗೊತ್ತು, ನನ್ನ ಗಂಡನಿಗೊಬ್ಬನಿಗೆ ಗೊತ್ತಿಲ್ಲ. ಅವಮಾನದಿಂದ ನನ್ನ ಕಿವಿ ಬಿಸಿಯಾಯಿತು.

ಸೊಸೆ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ನಾನು ಪೀಠಿಕೆ ಹಾಕಲಿಲ್ಲ.

"ಯಾರನ್ನ ಕೇಳಿ ಬರೆದೆ?"

ಅವಳ ಮುಖ ಬಿಳಿಚಿಕೊಂಡಿತು, ಆದರೆ ಯಾವ ಪತ್ರ ಎಂದು ಕೇಳುವ ನಾಟಕ ಮಾಡಲಿಲ್ಲ. "ಅತ್ತೆ, ಅದರಲ್ಲಿ ಸುಳ್ಳು ಯಾವ್ದಿದೆ ಹೇಳಿ."

"ನನ್ನ ಕೈ ನನ್ನದು. ಅದನ್ನ ಸಾರೋಕೆ ನೀನ್ಯಾರು?"

ಅವಳು ಎದ್ದು ಮೇಜಿನ ಕೆಳಗಿನಿಂದ ಹಾಳೆಗಳ ಕಟ್ಟು ತೆಗೆದು ಮುಂದಿಟ್ಟಳು. ಎಲ್ಲ ನನ್ನ ಗೆರೆಗಳು. ಹೆಬ್ಬೆರಳ ಹತ್ತಿರ, ಹಿಮ್ಮಡಿಯ ಹತ್ತಿರ ಗೆರೆ ಹುಳ ಹರಿದಂತೆ ಅಂಕುಡೊಂಕು. ಪ್ರತಿಯೊಂದರ ಮೇಲೂ ಅವಳು ಬೇರೆ ಬಣ್ಣದಲ್ಲಿ ತಿದ್ದಿದ್ದಳು.

"ಹನ್ನೊಂದು ಜೊತೆ ವಾಪಸ್ ಬಂದಿತ್ತು. ಮಾವ ತಮ್ಮ ಕೆತ್ತನೇನೇ ಕೆಟ್ಟಿದೆ ಅಂದ್ಕೊಂಡ್ರು. ಕಣ್ಣು ಡಾಕ್ಟರ ಹತ್ರ ಹೋಗಿ ಬಂದ್ರು, ಗೊತ್ತಾ ನಿಮಗೆ? ನೀವೇ ಹೇಳ್ತೀರಿ ಅಂತ ಕಾದೆ. ಹೇಳ್ಲಿಲ್ಲ. ಮನೆಗೆ ತಗೊಂಡ್ಹೋಗಿ ತಿದ್ದಿದೆ, ಎಷ್ಟು ಅಂತ ತಿದ್ಲಿ? ಗಿರಾಕಿಗಳೇ ನನ್ನ ಕೇಳಿದ್ರೆ ನಿಮ್ಮ ಮರ್ಯಾದೆ ಉಳಿಯುತ್ತೆ ಅಂದ್ಕೊಂಡೆ." ಅವಳು ಕಟ್ಟಿನ ಅಂಚು ಸರಿಮಾಡಿದಳು. "ಮಾತ್ರ ಅಂತ ಬರೆದದ್ದು ತಪ್ಪು. ಅದೊಂದೇ ಸುಳ್ಳು."

ಯಜಮಾನರು ಕಣ್ಣಿನ ಡಾಕ್ಟರ ಬಳಿ ಹೋಗಿದ್ದು ನನಗೆ ತಿಳಿದಿರಲಿಲ್ಲ. ಅವರೂ ನನ್ನ ಹಾಗೆಯೇ ಮುಚ್ಚಿಟ್ಟಿದ್ದರು.

ಆದರೂ ಮನಸ್ಸು ಒಪ್ಪಬೇಕಲ್ಲ. ಅನುಮಾನ ನನ್ನ ಹುಟ್ಟುಗುಣ. ಹಾಳೆ ಹಾಸಿ, ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ. "ಎಳಿ," ಅಂದೆ.

ಅವಳು ಮಂಡಿಯೂರಿದಳು. ನಾನು ಮೇಲಿನಿಂದ ಹದ್ದಿನಂತೆ ನೋಡುತ್ತಿದ್ದೆ. ಪೆನ್ಸಿಲ್ ನೆಟ್ಟಗೆ ಹಿಡಿದಿದ್ದಳು, ಎಲ್ಲೂ ಒಳಗೆ ವಾಲಿಸಲಿಲ್ಲ. ಬೆರಳ ಸಂದಿನಲ್ಲಿ ಅವಸರಪಡಲಿಲ್ಲ. ಕಾಲು ತೆಗೆದು, ಕನ್ನಡಕ ಹಾಕಿಕೊಂಡು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ತಪ್ಪಾದರೂ ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ. ಹೊಟ್ಟೆ ಉರಿಯಿತು. ಅದರ ಹಿಂದೆಯೇ ಎದೆ ಹಗುರವೂ ಆಯಿತು.

"ಇನ್ಮೇಲೆ ಪತ್ರ ನಿನ್ನ ಹೆಸರಲ್ಲಿ ಹೋಗ್ಲಿ," ಅಂದೆ.

"ಬೇಡ ಅತ್ತೆ! ನನ್ನ ಪತ್ರ ಯಾರು ಓದ್ತಾರೆ?"

ಅವಳು ನಿಜವಾಗಿ ಹೆದರಿದ್ದಳು. ಅಂಗಡಿಯನ್ನೇ ನುಂಗಲು ಹೊರಟಿದ್ದಾಳೆಂದು ನಾನು ಇಷ್ಟು ದಿನ ಬೈದುಕೊಂಡದ್ದು ಇವಳನ್ನೇ.

"ಓದ್ತಾರೆ. ಬೆಕ್ಕಿನ ಕ್ಷೇಮ ಕೇಳಿದೋಳು ನೀನೇ ತಾನೆ?" ಅಂದೆ. ಸ್ವಲ್ಪ ತಡೆದು, "ಇನ್ನೊಂದು ಪತ್ರ ಬರಿ. ನಿಮ್ಮ ಮಾವನಿಗೆ. ಕೈ ವಿಷ್ಯ. ನೀನು ಬರೆದ್ರೆ ಚೆನ್ನಾಗಿ ಬರುತ್ತೆ," ಅಂದೆ.

ಅವಳು ಒಲ್ಲೆನೆಂದು ತಲೆಯಾಡಿಸಿದಳು. "ಎಲ್ಲರಿಗೂ ಬರೀತೀನಿ ಅತ್ತೆ. ಅದೊಂದನ್ನ ಬರೆಯಲ್ಲ."

ಹಿಂದಿನ ಕೋಣೆಗೆ ಹೋದೆ. ಯಜಮಾನರು ಕಿಟಕಿಯ ಪಕ್ಕ ಕುಳಿತು, ಮರದ ಅಚ್ಚನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು, ತಮ್ಮ ಕೆತ್ತನೆಯಲ್ಲಿ ತಪ್ಪು ಹುಡುಕುತ್ತಿದ್ದರು.

"ಏನ್ರೀ," ಅಂದೆ. ಅವರ ಕೈಯಿಂದ ಅಚ್ಚನ್ನು ತೆಗೆದು ಕೆಳಗಿಟ್ಟು, ಆ ಜಾಗದಲ್ಲಿ ನನ್ನ ಬಲಗೈ ಇಟ್ಟೆ.